ಮಗು ಉಳಿಯದ ರಾತ್ರಿಯ ನಂತರ: ನವಜಾತ ಶಿಶು ಘಟಕದ ಸಿಬ್ಬಂದಿಗೆ ಡಿಬ್ರೀಫಿಂಗ್ ನಡೆಸುವ ಬಗೆ

ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಸುಕಿನ ಮೂರೂವರೆಯ ಹೊತ್ತಿಗೆ ಮೂರನೆಯ ವಾರ್ಮರಿನಲ್ಲಿ, ಅಂದರೆ ಮಗುವನ್ನು ಬೆಚ್ಚಗಿಡುವ ಹಾಸಿಗೆಯಲ್ಲಿ, ಇರುವ 900 ಗ್ರಾಂ ತೂಕದ ಮಗುವಿನ ಹೃದಯ ಬಡಿತ ಇಳಿಯತೊಡಗುತ್ತದೆ. ಡ್ಯೂಟಿ ಡಾಕ್ಟರು ಉಸಿರಿನ ಟ್ಯೂಬ್ ಇಳಿಸುತ್ತಾರೆ, ಒಬ್ಬ ಸಿಸ್ಟರ್ ಎರಡು ಹೆಬ್ಬೆರಳುಗಳಿಂದ ಆ ಪುಟ್ಟ ಎದೆಯನ್ನು ಒತ್ತುತ್ತ ಮೂರು ಒತ್ತಿಗೆ ಒಂದು ಉಸಿರಿನಂತೆ ಎಣಿಸುತ್ತಾರೆ, ಇನ್ನೊಬ್ಬರು ಅಡ್ರಿನಲಿನ್ ಅನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಕೊನೆಗೊಮ್ಮೆ ಕೈಗಳು ನಿಲ್ಲುತ್ತವೆ. ಎದೆ ಒತ್ತಿದ ಸಿಸ್ಟರ್ ಕೈಗವಸು ಕಳಚಿ, ಕೈ ತೊಳೆದು, ನಾಲ್ಕು ಗಂಟೆಗೆ ಕೊಡಬೇಕಾದ ಹಾಲಿನ ಲೆಕ್ಕ ನೋಡಲು ಪಕ್ಕದ ವಾರ್ಮರಿಗೆ ಹೋಗುತ್ತಾರೆ. ಬೆಳಿಗ್ಗೆ ಎಂಟಕ್ಕೆ ಹ್ಯಾಂಡ್‌ಓವರ್ ಕೊಡುವಾಗ ಆ ಮಗುವಿನ ಬಗ್ಗೆ ಅವರ ಬಾಯಿಂದ ಬರುವುದು "ಮೂರನೇ ವಾರ್ಮರ್ ಎಕ್ಸ್‌ಪೈರ್ ಆಯ್ತು" ಎಂಬ ಒಂದೇ ಮಾತು.

ಆ ಮಗುವಿನ ವಿಷಯ ಮತ್ತೆ ಎತ್ತಲ್ಪಡುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ಮನೆಯವರು ದೂರು ಕೊಟ್ಟಾಗ, ಇಲ್ಲವೇ ಮಕ್ಕಳ ಮರಣ ಪರಿಶೀಲನಾ ಸಭೆ ಕರೆದಾಗ. ಹೀಗಾಗಿ "ಸ್ವಲ್ಪ ಬನ್ನಿ, ರಾತ್ರಿಯ ವಿಷಯ ಮಾತಾಡೋಣ" ಎಂದು ಕರೆದರೆ ನಮ್ಮ ಸಿಬ್ಬಂದಿಯ ಕಿವಿಗೆ ಅದು ವಿಚಾರಣೆಯ ಕರೆಯಾಗಿಯೇ ಕೇಳಿಸುತ್ತದೆ. ಕರೆದವರ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಬಂದವರು ಉತ್ತರಗಳನ್ನು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ಡಿಬ್ರೀಫಿಂಗ್ ಎಂಬ ಈ ಕೆಲಸದಲ್ಲಿ, ಅಂದರೆ ಇಂಥ ಘಟನೆಯ ನಂತರ ತಂಡ ಕೂತು ಅದರ ಬಗ್ಗೆ ಮಾತಾಡಿಕೊಳ್ಳುವುದರಲ್ಲಿ, ಕಷ್ಟವಾದದ್ದು ಪ್ರಶ್ನೆಗಳ ಪಟ್ಟಿಯಲ್ಲ, ಈ ಅನುಮಾನವನ್ನು ಕಳೆಯುವುದು. ಕೆಳಗೆ ಹೇಳಿರುವ ಕ್ರಮಗಳಲ್ಲಿ ಹೆಚ್ಚಿನವು ಅದಕ್ಕಾಗಿಯೇ ಇವೆ.

ಯಾವುದನ್ನು ಮಾಡಬಾರದು ಎಂಬುದರಿಂದ ಶುರು

ದುರಂತವನ್ನು ಕಂಡವರನ್ನು ಕೂರಿಸಿ ಮಾತಾಡಿಸಬೇಕು ಎಂಬ ಕ್ರಮಕ್ಕೆ ಒಂದು ಚೌಕಟ್ಟು ಕೊಟ್ಟವರು ಅಮೆರಿಕದ ಜೆಫ್ರಿ ಮಿಚೆಲ್. ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗಾಗಿ 1983ರಲ್ಲಿ ಅವರು ಪ್ರಕಟಿಸಿದ ವಿಧಾನವು ಮುಂದೆ ಏಳು ಹಂತಗಳ ಗುಂಪು ಮಾತುಕತೆಯಾಗಿ ಜಗತ್ತಿನ ತುಂಬ ಹರಡಿತು. ಆದರೆ ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2002ರ ಕಾಕ್ರೇನ್ ಪರಾಮರ್ಶೆಯು, ಆಘಾತಕ್ಕೆ ಒಳಗಾದವರನ್ನು ಒಬ್ಬೊಬ್ಬರನ್ನಾಗಿ ಒಂದೇ ಬಾರಿ ಕೂರಿಸಿ ಭಾವನೆಗಳನ್ನು ಹೊರಗೆಳೆಯುವುದರಿಂದ ಆಘಾತೋತ್ತರ ಒತ್ತಡದ ಕಾಯಿಲೆ ತಪ್ಪುವುದಿಲ್ಲ, ಕೆಲವರಲ್ಲಿ ಅದು ಹೆಚ್ಚಲೂಬಹುದು ಎಂಬ ತೀರ್ಮಾನಕ್ಕೆ ಬಂದಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ (NICE) ಸಂಸ್ಥೆಯ 2018ರ ಮಾರ್ಗಸೂಚಿಯೂ ಆ ಕಾಯಿಲೆಯನ್ನು ತಡೆಯಲೆಂದೋ ಗುಣಪಡಿಸಲೆಂದೋ ಇಂಥ ಮನೋವೈಜ್ಞಾನಿಕ ಡಿಬ್ರೀಫಿಂಗ್ ಮಾಡಬೇಡಿ ಎಂದೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಕೂಡ, ನಡೆದದ್ದನ್ನು ವಿವರವಾಗಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎಂಬ ನಿಲುವಿನದೇ.

ಕಾಕ್ರೇನ್ ಪರಾಮರ್ಶೆಗೆ ಒಳಗಾದ ಅಧ್ಯಯನಗಳು ಹೆಚ್ಚಾಗಿ ಅಪಘಾತ, ಸುಟ್ಟಗಾಯಗಳಂಥವುಗಳಿಂದ ನೇರವಾಗಿ ನೊಂದವರ ಮೇಲೆ ನಡೆದವು; ಒಟ್ಟಿಗೆ ಕೆಲಸ ಮಾಡುವ ತಂಡ ತನ್ನ ಕೆಲಸದ ಬಗ್ಗೆ ಮಾತಾಡಿಕೊಳ್ಳುವುದು ಅದಕ್ಕಿಂತ ಬೇರೆ. ಹಾಗಿದ್ದರೂ ಅದರಿಂದ ನಮಗೆ ಸಿಗುವ ಎಚ್ಚರಿಕೆ ಸ್ಪಷ್ಟವಾಗಿದೆ. "ಅತ್ತುಬಿಡಿ, ಎಲ್ಲ ಹೊರಗೆ ಹಾಕಿ" ಎಂಬ ಒತ್ತಾಯ ಬೇಡ. ಹಾಜರಾತಿ ಕಡ್ಡಾಯ ಬೇಡ. ಒಮ್ಮೆ ಮಾತಾಡಿಸಿದೆವು, ಇನ್ನು ಚಿಂತೆಯಿಲ್ಲ ಎಂಬ ನಿರಾಳವಂತೂ ಬೇಡವೇ ಬೇಡ. ನಾವು ಇಲ್ಲಿ ಮಾತಾಡುತ್ತಿರುವುದು ಚಿಕಿತ್ಸೆಯ ಬಗ್ಗೆ ಅಲ್ಲ. ಏನು ನಡೆಯಿತೆಂಬುದನ್ನು ತಂಡ ಒಟ್ಟಾಗಿ ಜೋಡಿಸಿಕೊಂಡು, ಯಾರು ಹೇಗಿದ್ದಾರೆಂದು ನೋಡಿ, ಮುಂದಿನ ಪಾಳಿಗೆ ಹೋಗುವ ಕೆಲವು ನಿಮಿಷಗಳ ಬಗ್ಗೆ.

ಘಟನೆಗೆ ಮೊದಲೇ ಆಗಬೇಕಾದ ಒಪ್ಪಂದ

ಮಗು ತೀರಿಕೊಂಡ ರಾತ್ರಿ ನಿಯಮ ಮಾಡಲು ಆಗುವುದಿಲ್ಲ. ಆದ್ದರಿಂದ ನೆಮ್ಮದಿಯಿರುವ ಒಂದು ಮಧ್ಯಾಹ್ನ ಘಟಕದ ಮುಖ್ಯ ವೈದ್ಯರು, ಇನ್‌ಚಾರ್ಜ್ ಸಿಸ್ಟರ್ ಮತ್ತು ಸಾಧ್ಯವಾದರೆ ವೈದ್ಯಕೀಯ ಅಧೀಕ್ಷಕರು ಕೂತು, ಯಾವ ಯಾವ ಘಟನೆಗಳ ನಂತರ ತಾನಾಗಿಯೇ ಡಿಬ್ರೀಫಿಂಗ್ ನಡೆಯಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಪುನಶ್ಚೇತನ (ನಿಂತ ಉಸಿರು, ಬಡಿತಗಳನ್ನು ಮರಳಿಸುವ ಯತ್ನ) ಫಲಿಸದೆ ಮಗು ಸತ್ತಾಗ, ಚೇತರಿಸಿಕೊಂಡು ಮನೆಗೆ ಹೊರಡಲಿದ್ದ ಮಗು ಏಕಾಏಕಿ ಕುಸಿದಾಗ, ಔಷಧದ ಪ್ರಮಾಣ ತಪ್ಪಿದಾಗ, ಸಂಬಂಧಿಕರು ಕೈಮಾಡಿದಾಗ ಎಂದು ಇಷ್ಟನ್ನು ಬರೆದಿಟ್ಟರೆ ಸಾಕು. "ತಾನಾಗಿಯೇ" ಎಂಬ ಮಾತು ಇಲ್ಲಿ ಮುಖ್ಯ. ಪ್ರತಿ ಬಾರಿಯೂ ಯಾರೋ ಒಬ್ಬರು ಬೇಕೆಂದು ಕೇಳಿದ ಮೇಲೆ ಸಭೆ ಸೇರುವುದಾದರೆ, ಕೇಳಿದವರು ಮನಸ್ಸು ಗಟ್ಟಿಯಿಲ್ಲದವರೆಂದೂ ಸಭೆಗೆ ಕಾರಣರಾದವರು ತಪ್ಪು ಮಾಡಿದವರೆಂದೂ ಹೆಸರಾಗುತ್ತದೆ.

ಎರಡನೆಯದು, ಇದಕ್ಕೂ ಮರಣ ಪರಿಶೀಲನೆಗೂ ಸಂಬಂಧವಿಲ್ಲ ಎಂಬುದನ್ನು ಅಧೀಕ್ಷಕರ ಬಾಯಿಂದಲೇ ಹೇಳಿಸಬೇಕು. ಮರಣ ಪರಿಶೀಲನೆಗೆ ಅದರದೇ ನಮೂನೆ, ಸಮಿತಿ, ಕಡತಗಳಿವೆ, ಅದು ನಡೆಯಲೇಬೇಕು. ಡಿಬ್ರೀಫಿಂಗ್‌ನ ಹಾಳೆ ಆ ಕಡತದೊಳಗೆ ಹೋಗಕೂಡದು, ಕೇಸ್ ಶೀಟಿಗೂ ಅಂಟಕೂಡದು. ಅದರಲ್ಲಿ ಯಾರ ಹೆಸರೂ ಇರದೆ, ಸರಿಪಡಿಸಬೇಕಾದ ಒಂದೆರಡು ಸಂಗತಿಗಳಷ್ಟೇ ಇದ್ದರೆ ಸಾಕು. ಹಾಗೆಂದು, ಇಲ್ಲಿ ಆಡಿದ ಮಾತು ಯಾವ ಕಾಲಕ್ಕೂ ಯಾರಿಗೂ ತಿಳಿಯದು, ನ್ಯಾಯಾಲಯದಲ್ಲೂ ಕೇಳುವಂತಿಲ್ಲ ಎಂದೆಲ್ಲ ಭರವಸೆ ಕೊಡಲು ಹೋಗಬೇಡಿ. ಕೊಡಲಾಗದ ಭರವಸೆ ಒಮ್ಮೆ ಮುರಿದರೆ ಆ ಘಟಕದಲ್ಲಿ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ. "ಇಲ್ಲಿ ಕೇಳಿದ್ದನ್ನು ಕ್ಯಾಂಟೀನಿನಲ್ಲಿ ಆಡಬೇಡಿ" ಎಂಬಷ್ಟು ಮಾತು ಸತ್ಯವಾದುದು ಮತ್ತು ಸಾಕಾದುದು.

ನಡೆಸಿಕೊಡುವವರು ಯಾರು ಎಂಬುದನ್ನೂ ಮೊದಲೇ ನಿಶ್ಚಯಿಸಿ. ಪುನಶ್ಚೇತನವನ್ನು ಮುನ್ನಡೆಸಿದ ವೈದ್ಯರೇ ಡಿಬ್ರೀಫಿಂಗನ್ನೂ ನಡೆಸಿದರೆ ಅವರ ಆ ರಾತ್ರಿಯ ಭಾರವನ್ನು ಹೊರುವವರು ಯಾರೂ ಇಲ್ಲದಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ತಕ್ಕವರು ಹಿರಿಯ ಸ್ಟಾಫ್ ನರ್ಸ್‌ಗಳು. ಡಾಕ್ಟರುಗಳು ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಾರೆ, ಸಿಸ್ಟರ್‌ಗಳು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಯಾರು ಮೌನವಾದರೆ ಅದರ ಅರ್ಥವೇನು ಎಂಬುದು ಅವರಿಗೆ ಗೊತ್ತಿರುತ್ತದೆ. ಪ್ರತಿ ಪಾಳಿಯಲ್ಲಿ ಒಬ್ಬರಾದರೂ ಇರುವಂತೆ ಮೂರು ನಾಲ್ಕು ಜನರನ್ನು ತಯಾರು ಮಾಡಿಕೊಳ್ಳಿ.

ಕೈಗಳು ನಿಂತ ಕ್ಷಣದಿಂದ

ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಜೊನಾಥನ್ ಬಾರ್ಟೆಲ್ಸ್ ಅವರು, ರೋಗಿ ತೀರಿಕೊಂಡೊಡನೆ ಎಲ್ಲರೂ ಚದುರಿಹೋಗುವ ಮೊದಲು ಹಾಸಿಗೆಯ ಪಕ್ಕದಲ್ಲೇ ಕೆಲವು ಕ್ಷಣ ಮೌನವಾಗಿ ನಿಲ್ಲುವ ರೂಢಿಯೊಂದನ್ನು ತಂದರು. ನಮ್ಮಲ್ಲಿ ಮೌನಾಚರಣೆ ಹೊಸದೇನಲ್ಲ. ದೊಡ್ಡವರು ತೀರಿಕೊಂಡರೆ ಶಾಲೆ, ಕಚೇರಿಗಳಲ್ಲಿ ಎದ್ದು ನಿಲ್ಲುತ್ತೇವೆ. ಹೆಸರಿಡುವ ಮೊದಲೇ ಹೋದ ಮಗುವಿಗಾಗಿ ನಿಂತದ್ದು ಮಾತ್ರ ಕಡಿಮೆ. ವೈದ್ಯರು ಸಾವಿನ ಸಮಯವನ್ನು ಹೇಳಿದ ಮೇಲೆ ಒಬ್ಬರು ಮೆಲ್ಲಗೆ, "ನಮ್ಮ ಕೈಲಾದದ್ದನ್ನೆಲ್ಲ ಮಾಡಿದೆವು. ಇಂಥವರ ಮಗುವಿಗಾಗಿ ಒಂದರ್ಧ ನಿಮಿಷ ನಿಲ್ಲೋಣ" ಎಂದರಾಯಿತು. ಪ್ರಾರ್ಥನೆ, ಮಂತ್ರ ಬೇಡ. ಬೇಕಾದವರು ಮನಸ್ಸಿನಲ್ಲೇ ಮಾಡಿಕೊಳ್ಳುತ್ತಾರೆ. ಮಗುವನ್ನು ವಾರ್ಮರಿನ ಸಂಖ್ಯೆಯಿಂದ ಕರೆಯದೆ ತಾಯಿಯ ಹೆಸರಿನಿಂದ ಕರೆಯಿರಿ.

ಮುಂದಿನ ಕೆಲಸ ಘಟಕದಲ್ಲಿರುವ ಇತರ ಮಕ್ಕಳದು. ಯಾವ ಡ್ರಿಪ್ ಮುಗಿದಿದೆ, ಯಾವ ಅಲಾರಾಂ ಹೊಡೆಯುತ್ತಿದೆ, ಎಮರ್ಜೆನ್ಸಿ ಟ್ರೇ ಮತ್ತೆ ತುಂಬಿದೆಯೇ ಎಂಬುದನ್ನು ನೋಡಿ, ಎದೆ ಒತ್ತಿದವರ ಮತ್ತು ಟ್ಯೂಬ್ ಹಾಕಿದವರ ಮಕ್ಕಳನ್ನು ಹತ್ತು ನಿಮಿಷದ ಮಟ್ಟಿಗೆ ಇನ್ನೊಬ್ಬರಿಗೆ ಒಪ್ಪಿಸಿ. ಇಬ್ಬರೇ ಸಿಸ್ಟರ್ ಇರುವ ರಾತ್ರಿಯಲ್ಲಿ ಇದು ಹೇಗೆ ಸಾಧ್ಯ ಎಂಬುದು ನ್ಯಾಯವಾದ ಪ್ರಶ್ನೆಯೇ. ಪ್ರಸೂತಿ ವಾರ್ಡಿನಿಂದ ಒಬ್ಬರನ್ನು ಹತ್ತು ನಿಮಿಷಕ್ಕೆ ಕರೆಸಿಕೊಳ್ಳುವ ಏರ್ಪಾಡು ಮೊದಲೇ ಆಗಿದ್ದರೆ ಸಾಧ್ಯ. ಇಲ್ಲವಾದರೆ ಈ ಮಾತುಕತೆಯನ್ನು ಬೆಳಗಿನ ಹ್ಯಾಂಡ್‌ಓವರ್ ಮುಗಿದ ತಕ್ಷಣಕ್ಕೆ ಮುಂದೂಡಿ, ಆದರೆ ರಾತ್ರಿ ಪಾಳಿಯವರು ಮನೆ ಬಸ್ಸು ಹತ್ತುವ ಮೊದಲೇ ಮುಗಿಸಿ. ತಂದೆತಾಯಿಗೆ ಸುದ್ದಿ ಹೇಳಿ, ಅವರ ಜೊತೆ ಒಬ್ಬರನ್ನು ಇರಿಸಿದ ಮೇಲೆಯೇ ಸಿಬ್ಬಂದಿ ಕೂರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಲವು ಘಟಕಗಳಲ್ಲಿ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆಯೆಂದರೆ ತಾಯಂದಿರು ಎದೆಹಾಲು ಹಿಂಡುವ ಕೋಣೆ ಒಂದೇ, ಮತ್ತು ಅಲ್ಲಿ ಬೇರೆ ತಾಯಂದಿರು ಇದ್ದೇ ಇರುತ್ತಾರೆ. ಅವರ ಕಿವಿಗೆ ಬೀಳುವಂತೆ ಸತ್ತ ಮಗುವಿನ ಮಾತಾಡಿದರೆ, ತಮ್ಮ ಮಗುವಿಗೂ ಹೀಗೇ ಆಗುತ್ತದೆಂಬ ಹೆದರಿಕೆಯಲ್ಲಿ ಅವರ ಹಾಲು ಇಳಿಯುವುದೇ ಕಷ್ಟವಾದೀತು. ಸಿಸ್ಟರ್‌ಗಳು ಬಟ್ಟೆ ಬದಲಿಸುವ ಕೋಣೆಯೇ ವಾಸಿ. ಎಲ್ಲರಿಗೂ ನೀರು ಕೊಡಿ, ಸಾಧ್ಯವಾದರೆ ಚಹಾ ಕೊಡಿ. ಗಂಟೆಗಟ್ಟಲೆ ನಿಂತವರಿಗೆ ಕೂರಲು ಒಂದು ಸ್ಟೂಲ್ ಸಿಗುವುದೂ ಉಪಚಾರವೇ.

ಹತ್ತು ನಿಮಿಷದ ಮಾತು

ಶುರು ಮಾಡುವ ಮಾತುಗಳನ್ನು ಬರೆದು ಕೋಣೆಯ ಬಾಗಿಲ ಹಿಂದೆ ಅಂಟಿಸಿಡುವುದು ಒಳ್ಳೆಯದು, ಏಕೆಂದರೆ ಆ ಹೊತ್ತಿನಲ್ಲಿ ನಡೆಸಿಕೊಡುವವರ ತಲೆಯೂ ಓಡುತ್ತಿರುವುದಿಲ್ಲ. ಹೀಗಿರಬಹುದು: "ಹತ್ತು ನಿಮಿಷ ಮಾತ್ರ ಕೂರೋಣ. ಯಾರ ತಪ್ಪು ಅಂತ ಹುಡುಕೋದಕ್ಕಲ್ಲ. ಏನು ನಡೀತು ಅಂತ ಒಂದು ಸಲ ಒಟ್ಟಿಗೆ ನೋಡೋಣ. ಮಾತಾಡೋದು ಬೇಡ ಅನ್ನಿಸಿದವರು ಸುಮ್ಮನೆ ಕೂತಿರಬಹುದು, ಎದ್ದು ಹೋಗೋದಾದ್ರೂ ಸರಿ, ಆಮೇಲೆ ನಾನೇ ಬಂದು ಮಾತಾಡಿಸ್ತೀನಿ."

ಆಮೇಲೆ ಘಟನೆಯನ್ನು ಕಾಲಾನುಕ್ರಮದಲ್ಲಿ ಜೋಡಿಸಬೇಕು. ಇದು ಬರೀ ದಾಖಲೆಯ ಕೆಲಸವೆಂದು ತೋರಬಹುದು, ಆದರೆ ಮನಸ್ಸಿಗೆ ಹೆಚ್ಚು ನೆರವಾಗುವ ಭಾಗ ಇದೇ ಎಂದು ನಾನು ಭಾವಿಸುತ್ತೇನೆ. ಪುನಶ್ಚೇತನದ ವೇಳೆ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿದ್ದ ಕೆಲಸವನ್ನಷ್ಟೇ ಕಂಡಿರುತ್ತಾರೆ. ಸಿರಿಂಜ್ ತರಲು ಓಡಿದ ಸಿಸ್ಟರ್ ತಾನು ಬಹಳ ತಡಮಾಡಿದೆ, ಅದರಿಂದಲೇ ಮಗು ಹೋಯಿತು ಎಂದುಕೊಂಡಿರುತ್ತಾರೆ. ಸಮಯ ಬರೆಯುತ್ತಿದ್ದವರ ಹಾಳೆಯನ್ನು ನೋಡಿದರೆ ಅವರು ಹೋಗಿ ಬಂದದ್ದು ಒಂದು ನಿಮಿಷದೊಳಗೆ, ಅಷ್ಟರಲ್ಲಿ ಡಾಕ್ಟರು ಔಷಧ ಕೊಡಲು ಇನ್ನೂ ಹೊಕ್ಕುಳ ಲೈನ್ ಹಾಕುತ್ತಿದ್ದರು ಎಂಬುದು ತಿಳಿಯುತ್ತದೆ. ಇದನ್ನು ಆ ರಾತ್ರಿಯೇ ಯಾರೂ ಹೇಳದಿದ್ದರೆ ಆ ಸಿಸ್ಟರ್ ತಿಂಗಳುಗಟ್ಟಲೆ ಇಲ್ಲದ ತಪ್ಪನ್ನು ಹೊತ್ತು ತಿರುಗುತ್ತಾರೆ. "ನೀವು ಬಂದಾಗ ಏನು ನಡೀತಿತ್ತು?", "ಆಮೇಲೆ?" ಎಂಬ ಎರಡು ಪ್ರಶ್ನೆಗಳಲ್ಲಿ ಈ ಭಾಗ ಮುಗಿಯುತ್ತದೆ. "ಯಾಕೆ" ಎಂಬ ಪದವನ್ನು ಬಾಯಿಗೆ ಬರಗೊಡಬೇಡಿ, ಕನ್ನಡದಲ್ಲಿ "ಯಾಕೆ ಹಾಗೆ ಮಾಡಿದ್ರಿ?" ಎಂಬುದು ಪ್ರಶ್ನೆಯಾಗಿ ಕೇಳುವುದಕ್ಕಿಂತ ಗದರಿಕೆಯಾಗಿಯೇ ಹೆಚ್ಚು ಕೇಳಿಸುತ್ತದೆ.

ಯಾವುದು ಸರಿಯಾಗಿ ನಡೆಯಿತು, ಯಾವುದು ಕೈಗೆ ಸಿಗಲಿಲ್ಲ ಎಂಬುದು ಮುಂದಿನ ಮಾತು. ಚಿಕ್ಕ ಅಳತೆಯ ಮಾಸ್ಕ್ ಡ್ರಾಯರಿನಲ್ಲಿ ಇರಲಿಲ್ಲ, ಲ್ಯಾರಿಂಗೋಸ್ಕೋಪಿನ ಬಲ್ಬ್ ಮಂದವಾಗಿತ್ತು ಎಂಬಂಥ ಒಂದೆರಡು ಸಂಗತಿಗಳನ್ನು ಬರೆದುಕೊಂಡು, ಯಾರು ಯಾವಾಗ ಸರಿಪಡಿಸುತ್ತಾರೆಂದು ಅಲ್ಲೇ ಹೇಳಿ. ಮುಂದಿನ ವಾರವೂ ಅದೇ ಬಲ್ಬ್ ಮಂದವಾಗಿದ್ದರೆ ನಿಮ್ಮ ಡಿಬ್ರೀಫಿಂಗ್‌ಗೆ ಯಾರೂ ಬರುವುದಿಲ್ಲ.

ಕೊನೆಯಲ್ಲಿ ಒಂದೇ ಬಾರಿ, ಯಾರನ್ನೂ ದಿಟ್ಟಿಸಿ ನೋಡದೆ, "ಯಾರಿಗೆ ಹೇಗನ್ನಿಸ್ತಿದೆ?" ಎಂದು ಕೇಳಿ ಸುಮ್ಮನಿರಿ. ಯಾರೂ ಮಾತಾಡದಿದ್ದರೆ ಅದೂ ಒಂದು ಉತ್ತರ. ಯಾರಾದರೂ ಅತ್ತರೆ ಅಳಲಿ. ಕರವಸ್ತ್ರ ಕೊಡಿ, ಉಪದೇಶ ಬೇಡ. "ಮೊದಮೊದಲು ಹಾಗೇ, ಆಮೇಲೆ ಅಭ್ಯಾಸ ಆಗುತ್ತೆ", "ಅದರ ಹಣೆಬರಹ ಅಷ್ಟೇ ಇತ್ತು", "ಅವರಿಗೆ ಇನ್ನೊಂದು ಮಗು ಆಗುತ್ತೆ ಬಿಡಿ" ಎಂಬಂಥ ಮಾತುಗಳನ್ನು ಸಮಾಧಾನಕ್ಕೆಂದೇ ಆಡುತ್ತೇವೆ, ಆದರೆ ಅವು ಎದುರಿನವರ ಬಾಯಿ ಮುಚ್ಚಿಸುತ್ತವೆ.

ಎಲ್ಲರೂ ಎಂದರೆ ಯಾರು

ಡಾಕ್ಟರು ಮತ್ತು ಸಿಸ್ಟರ್‌ಗಳು ಕೂತರೆ ಎಲ್ಲರೂ ಕೂತಂತೆ ಎಂದುಕೊಳ್ಳುವುದು ವಾಡಿಕೆ. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗೆ ಕೊಟ್ಟ ಆಯಾ, ಹೊರಗಿನ ಜನರನ್ನು ತಡೆದು ನಿಂತ ಸೆಕ್ಯುರಿಟಿ, ತಾಲ್ಲೂಕು ಆಸ್ಪತ್ರೆಯಿಂದ ದಾರಿಯುದ್ದಕ್ಕೂ ಉಸಿರು ಕೊಡುವ ಅಂಬು ಬ್ಯಾಗ್ ಒತ್ತುತ್ತ ಮಗುವನ್ನು ಕರೆತಂದ 108 ಆಂಬುಲೆನ್ಸಿನ ಸಿಬ್ಬಂದಿ ಇವರಾರೂ ಲೆಕ್ಕಕ್ಕೆ ಬರುವುದಿಲ್ಲ. ಆ ರಾತ್ರಿಯಲ್ಲದಿದ್ದರೂ ವಾರದೊಳಗೆ ನಡೆಸುವ ಎರಡನೆಯ, ಸುಮಾರು ಮುಕ್ಕಾಲು ಗಂಟೆಯ ಸಭೆಗೆ ಅವರನ್ನು ಕರೆಯಲೇಬೇಕು. ಈ ಸಭೆಯಲ್ಲಿ ಭಾಷೆ ಇಂಗ್ಲಿಷಿಗೆ ಜಾರಿದೊಡನೆ ಅರ್ಧ ಜನ ಸಭೆಯಿಂದ ಹೊರಗಾಗುತ್ತಾರೆ; ಕನ್ನಡದಲ್ಲಿ, ಕಲಬುರಗಿ ಕಡೆಯಾದರೆ ಬೇಕಾದಲ್ಲಿ ದಖನಿ ಉರ್ದುವಿನಲ್ಲಿ, ಮಾತು ನಡೆಯಲಿ. ಹಿರಿಯರು ಕೊನೆಗೆ ಮಾತಾಡಲಿ. ವಿಭಾಗದ ಮುಖ್ಯಸ್ಥರು ಮೊದಲೇ ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರ ಪಾಲಿಗೆ "ಹೌದು ಸರ್" ಎಂಬುದಷ್ಟೇ ಉಳಿಯುತ್ತದೆ.

ಸಾವು ಕಾಣದ ನೋವುಗಳು

ನಮ್ಮ ಘಟಕಗಳಲ್ಲಿ ಸಿಬ್ಬಂದಿಯನ್ನು ಒಳಗೊಳಗೇ ಕೊರೆಯುವ ಕೆಲವು ಘಟನೆಗಳಲ್ಲಿ ಸಾವೇ ಇರುವುದಿಲ್ಲ. ಚೇತರಿಸಿಕೊಳ್ಳುತ್ತಿದ್ದ ಮಗುವನ್ನು, ಹೆಣ್ಣೆಂದೋ ದುಡ್ಡಿಲ್ಲವೆಂದೋ ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿಲ್ಲವೆಂದೋ, ವೈದ್ಯರ ಸಲಹೆಗೆ ವಿರುದ್ಧವಾಗಿ ಸಹಿ ಹಾಕಿ ಕರೆದೊಯ್ಯುತ್ತಾರೆ. ಟ್ಯೂಬಿನಲ್ಲಿ ಎರಡೆರಡು ಮಿಲಿಲೀಟರ್ ಹಾಲು ಕುಡಿಸುತ್ತ ಹತ್ತು ಹತ್ತು ಗ್ರಾಂ ತೂಕ ಏರಿದ್ದಕ್ಕೆ ಸಂತೋಷಪಟ್ಟ ಸಿಸ್ಟರ್, ಆಕ್ಸಿಜನ್ ಕಳಚಿ ಮಗುವನ್ನು ಅಜ್ಜಿಯ ಮಡಿಲಿಗೆ ಕೊಟ್ಟು ಬಾಗಿಲವರೆಗೆ ಹೋಗಿ ಬರುತ್ತಾರೆ. ರಿಜಿಸ್ಟರಿನಲ್ಲಿ ಅದು ಸಾವಲ್ಲ, ಒಂದು ಬಿಡುಗಡೆ. ಅದಕ್ಕೆ ಮೌನವೂ ಇಲ್ಲ, ಸಭೆಯೂ ಇಲ್ಲ. ಹಾಗೆಯೇ ಖಾಲಿ ವಾರ್ಮರ್ ಇಲ್ಲವೆಂದು ಬಾಗಿಲಲ್ಲೇ ಬೇರೆ ಊರಿಗೆ ಕಳಿಸಿದ ಮಗುವಿನ ಮುಖ ಕಳಿಸಿದವರಿಗೆ ಮರೆಯುವುದಿಲ್ಲ.

ಸರಿಯಾದದ್ದು ಏನೆಂದು ಗೊತ್ತಿದ್ದೂ ಮಾಡಲಾಗದ ಈ ಸಂಕಟವನ್ನು ನೈತಿಕ ಯಾತನೆ ಎಂದು 1984ರಲ್ಲಿ ನರ್ಸಿಂಗ್ ಕುರಿತು ಬರೆಯುತ್ತ ಗುರುತಿಸಿದವರು ಆಂಡ್ರೂ ಜೇಮ್‌ಟನ್. ಇಂಥ ಸಂದರ್ಭದ ಡಿಬ್ರೀಫಿಂಗ್‌ನಲ್ಲಿ ಕಾಲಾನುಕ್ರಮ ಜೋಡಿಸುವುದರಿಂದ ಪ್ರಯೋಜನವಿಲ್ಲ. ಯಾವುದು ನಮ್ಮ ಕೈಯಲ್ಲಿತ್ತು, ಯಾವುದು ಇರಲಿಲ್ಲ ಎಂಬುದನ್ನು ಬೇರ್ಪಡಿಸಿ ಮಾತಾಡಿ. ಕೈಯಲ್ಲಿ ಇದ್ದದ್ದು ಎಂದರೆ, ಮನೆಯವರೊಡನೆ ಇನ್ನೊಮ್ಮೆ ಮಾತಾಡಲು ಆಪ್ತಸಮಾಲೋಚಕರನ್ನು ಕರೆಸುವುದು, ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಮರುದಿನವೇ ಮನೆಗೆ ಹೋಗಿ ನೋಡಲು ಹೇಳುವುದು. ಆಶಾ ಕಾರ್ಯಕರ್ತೆ ತಂದ ಸುದ್ದಿಯನ್ನು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಆ ಸಿಸ್ಟರ್‌ಗೆ ತಿಳಿಸಿ. ಏನಾಯಿತೆಂದು ತಿಳಿಯದೆ ಉಳಿಯುವುದು ಎಲ್ಲಕ್ಕಿಂತ ಕಷ್ಟ.

ಸಂಬಂಧಿಕರು ಹಲ್ಲೆ ನಡೆಸಿದ್ದರೆ ಮಾತುಕತೆಗಿಂತ ಮೊದಲು ರಕ್ಷಣೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯ ವಿರುದ್ಧ ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ. ದೂರು ಕೊಡುವ ಓಡಾಟವನ್ನು ಏಟು ತಿಂದವರ ತಲೆಗೆ ಕಟ್ಟದೆ ಆಡಳಿತವೇ ವಹಿಸಿಕೊಳ್ಳಬೇಕು.

ತಪ್ಪು ನಿಜವಾಗಿಯೂ ನಡೆದಿದ್ದರೆ

ನವಜಾತ ಶಿಶುಗಳ ಔಷಧದಲ್ಲಿ ದಶಾಂಶ ಚುಕ್ಕೆಯೊಂದು ಸರಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. 0.5 ಮಿಲಿಲೀಟರ್ 5 ಆದ ರಾತ್ರಿಯಲ್ಲಿ "ಯಾರದೂ ತಪ್ಪಿಲ್ಲ" ಎಂದು ಸಮಾಧಾನ ಹೇಳುವುದು ಸುಳ್ಳು, ಮತ್ತು ಅದು ಸುಳ್ಳೆಂದು ಆ ಸಿಸ್ಟರ್‌ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಹೀಗೆ ತಪ್ಪಿನ ಹೊರೆಯಲ್ಲಿ ಕುಸಿಯುವ ವೈದ್ಯಕೀಯ ಸಿಬ್ಬಂದಿಯನ್ನು ಆಲ್ಬರ್ಟ್ ವೂ ಎಂಬ ವೈದ್ಯರು 2000ದಲ್ಲಿ ಎರಡನೆಯ ಬಲಿಪಶು ಎಂದು ಕರೆದರು. ನೊಂದ ಕುಟುಂಬಗಳವರು ಈ ಹೆಸರನ್ನು ಆಕ್ಷೇಪಿಸಿದ್ದೂ ಉಂಟು, ಅವರ ಆಕ್ಷೇಪದಲ್ಲಿ ನ್ಯಾಯವಿದೆ. ಹೆಸರು ಏನೇ ಇರಲಿ, ಕುಸಿತ ನಿಜ. ಇಂಥ ಸಂದರ್ಭದಲ್ಲಿ ಗುಂಪಿನಲ್ಲಿ ಆ ವಿಷಯ ಎತ್ತಬೇಡಿ. ಆ ವ್ಯಕ್ತಿಯನ್ನು ಒಬ್ಬರೇ ಒಬ್ಬರು ನಂಬಿಕಸ್ಥ ಹಿರಿಯರು ಪ್ರತ್ಯೇಕವಾಗಿ ಕಂಡು, ಮುಂದೆ ಯಾವ ಯಾವ ಪ್ರಕ್ರಿಯೆ ನಡೆಯುತ್ತದೆ, ಹೇಳಿಕೆ ಯಾವಾಗ ಕೊಡಬೇಕಾಗುತ್ತದೆ, ಆಗ ಜೊತೆಗೆ ಯಾರಿರುತ್ತಾರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಲಿ. ಅವರು ಒಬ್ಬರೇ ಮನೆಗೆ ಹೋಗದಂತೆ ನೋಡಿಕೊಳ್ಳಿ. ಹಾಸ್ಟೆಲಿನಲ್ಲಿ ಇರುವವರಾದರೆ ರೂಮಿನ ಜೊತೆಗಾರರಿಗೆ ಒಂದು ಮಾತು ಹೇಳಿಡಿ.

ಮುಂದಿನ ವಾರಗಳು

ಮೊದಲ ಕೆಲವು ದಿನ ನಿದ್ದೆ ಬಾರದಿರುವುದು, ಮಾನಿಟರಿನ ಸದ್ದು ಮನೆಯಲ್ಲೂ ಕೇಳಿಸಿದಂತಾಗುವುದು, ತನ್ನ ಮಗುವನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದು ಕಾಯಿಲೆಯಲ್ಲ. ನಡೆಸಿಕೊಟ್ಟವರು ಮೂರನೆಯ ದಿನ ಒಮ್ಮೆ, ಎರಡು ವಾರವಾದಾಗ ಒಮ್ಮೆ, ತಿಂಗಳಾದಾಗ ಒಮ್ಮೆ, ಫೋನಿನಲ್ಲಾದರೂ ಸರಿ, ಪ್ರತಿಯೊಬ್ಬರನ್ನೂ ವಿಚಾರಿಸಬೇಕು. ಗರ್ಭಿಣಿಯಾಗಿರುವವರು, ಈಚೆಗೆ ತಮ್ಮದೇ ಮಗುವನ್ನು ಕಳೆದುಕೊಂಡವರು ಮತ್ತು ಕೆಲಸಕ್ಕೆ ಸೇರಿ ಆರು ತಿಂಗಳೂ ಆಗದವರನ್ನು ಮೊದಲು ನೋಡಿ. ತಿಂಗಳಾದ ಮೇಲೂ ಘಟನೆ ಕಣ್ಣಮುಂದೆ ಬರುತ್ತಲೇ ಇದ್ದರೆ, ಸಬೂಬು ಹೇಳಿ ರಾತ್ರಿ ಪಾಳಿ ತಪ್ಪಿಸತೊಡಗಿದರೆ, ಕುಡಿತ ಹೆಚ್ಚಿದರೆ, ಇಲ್ಲವೇ ಬದುಕಿ ಏನು ಪ್ರಯೋಜನ ಎಂಬ ಮಾತು ಒಮ್ಮೆ ಬಂದರೂ, ಅಲ್ಲಿಗೆ ಸಹೋದ್ಯೋಗಿಗಳ ಸಾಮರ್ಥ್ಯ ಮುಗಿಯಿತು. ತಜ್ಞರ ನೆರವು ಬೇಕು. ಆ ಕೊನೆಯ ಮಾತಿಗಂತೂ ತಿಂಗಳು ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ.

ಎಲ್ಲಿಗೆ ಎಂಬುದಕ್ಕೆ ನಮ್ಮಲ್ಲಿ ಉತ್ತರವಿದೆ. ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು, ಮತ್ತು ಆ ಕಾರ್ಯಕ್ರಮದ ಮನೋವೈದ್ಯರು ಸಾಮಾನ್ಯವಾಗಿ ನಿಮ್ಮದೇ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೇ ಇರುತ್ತಾರೆ. ಆದರೆ ಅದೇ ಆಸ್ಪತ್ರೆಯ ಓಪಿಡಿ ಸಾಲಿನಲ್ಲಿ ನಿಲ್ಲಲು ಯಾವ ಸಿಸ್ಟರ್ ಒಪ್ಪುತ್ತಾರೆ? ಅವರಿಗೆ ಓಪಿಡಿ ಮುಗಿದ ಮೇಲಿನ ಸಮಯವನ್ನು ಮಾತಾಡಿಸಿ ಕೊಡಿಸಿ. ಅದೂ ಬೇಡವೆಂದರೆ 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ; 14416ಕ್ಕೆ ಹಗಲು ರಾತ್ರಿ ಯಾವಾಗ ಕರೆಮಾಡಿದರೂ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಈ ಸಂಖ್ಯೆಯನ್ನು ನೋಟೀಸ್ ಬೋರ್ಡಿನಲ್ಲಿ ಅಲ್ಲ, ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯ ಪಕ್ಕದಲ್ಲಿ ಅಂಟಿಸಿ. ಅಲ್ಲಾದರೆ ಯಾರೂ ನೋಡದ ಹೊತ್ತಿನಲ್ಲಿ ಬರೆದುಕೊಳ್ಳಬಹುದು.

ಇನ್ನು ಡ್ಯೂಟಿ ಪಟ್ಟಿ. ಮಗು ಹೋದ ರಾತ್ರಿ ಕೆಲಸದಲ್ಲಿದ್ದ ಸಿಸ್ಟರ್ ಮರಳಿ ಬಂದ ದಿನ ಮೂರನೆಯ ವಾರ್ಮರಿನಲ್ಲಿ ಆಗಲೇ ಬೇರೊಂದು ಮಗು ಇರುತ್ತದೆ. ಅವರ ಮೇಲಿನ ಕರುಣೆಯಿಂದ ಆ ವಾರ್ಮರನ್ನು ಹೇಳದೆ ಕೇಳದೆ ಇನ್ನೊಬ್ಬರಿಗೆ ಹಂಚಿದರೆ, ನನ್ನ ಮೇಲೆ ನಂಬಿಕೆ ಹೋಗಿದೆ ಎಂದೇ ಅವರು ತಿಳಿಯಬಹುದು. ಏನೂ ಆಗಿಲ್ಲವೆಂಬಂತೆ ಅವರಿಗೇ ಕೊಟ್ಟರೆ ಕೈ ನಡುಗಲೂಬಹುದು. ಪಟ್ಟಿ ಬರೆಯುವ ಮೊದಲು ಅವರನ್ನು ಪಕ್ಕಕ್ಕೆ ಕರೆದು ಕೇಳಿ: "ಸಿಸ್ಟರ್, ಇವತ್ತು ಮೂರನೇ ವಾರ್ಮರ್ ನಿಮಗೆ ಹಾಕ್ಲಾ, ಬೇರೆ ಕೊಡ್ಲಾ?" ಅವರು ಹೇಳಿದಂತೆ ಬರೆಯಿರಿ.